ರಾತ್ರಿ ಕೆಂಪು, ಬೆಳಿಗ್ಗೆ ಹಸಿರು: ಟೆಸ್ಟಿಂಗ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಆರು ಪತ್ರ ಒಂದೇ ವಿಷಯದ ಸುತ್ತ ಇವೆ. ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಸ್ಕ್ರಿಪ್ಟ್‌ಗಳನ್ನು ಕಷ್ಟಪಟ್ಟು ಬರೆದಾಗಿದೆ, ಆದರೆ ಅವು ಓಡುವ ಜಾಗವೇ ಸರಿ ಇಲ್ಲ, ಅದರಿಂದ ಯಾರಿಗೂ ನಂಬಿಕೆ ಇಲ್ಲ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಇವನ್ನೇ ತೆಗೆದುಕೊಂಡಿದ್ದೇನೆ. ಮೊದಲ ಪತ್ರಕ್ಕೆ ಉತ್ತರ ಉದ್ದ ಆಗಿದೆ. ಉಳಿದವರು ಅದನ್ನೂ ಓದಿ, ನಿಮ್ಮ ಅರ್ಧ ಪ್ರಶ್ನೆಗೆ ಅಲ್ಲೇ ಉತ್ತರ ಇದೆ.

ಪ್ರಶ್ನೆ: ಮೇಡಂ, ನಮ್ಮದು ಐದು ಜನರ ಕಂಪನಿ. ಕಲ್ಯಾಣ ಮಂಟಪ ಬುಕ್ ಮಾಡುವ ವೆಬ್‌ಸೈಟ್ ಮಾಡಿಕೊಡುತ್ತೇವೆ. ಬ್ರೌಸರನ್ನು ತಾನಾಗಿ ಓಡಿಸಿ ಪರೀಕ್ಷೆ ಮಾಡುವ ಸೆಲೆನಿಯಂನಲ್ಲಿ 340 ಟೆಸ್ಟ್ ಬರೆದಿದ್ದೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಪಾಸ್. ಆಫೀಸಿನ ಹಳೇ ಪಿಸಿಯಲ್ಲಿ ರಾತ್ರಿ 2 ಗಂಟೆಗೆ, ನಾಲ್ಕು ಬ್ರೌಸರ್ ಒಟ್ಟಿಗೆ ಓಡುವ ಹಾಗೆ ಇಟ್ಟಿದ್ದೇವೆ. ಬೆಳಿಗ್ಗೆ ನೋಡಿದರೆ 10-15 ಫೇಲ್. ದಿನಾ ಅವೇ ಅಲ್ಲ, ಬೇರೆ ಬೇರೆ. ಹತ್ತು ಗಂಟೆಗೆ ಮತ್ತೆ ಓಡಿಸಿದರೆ ಮುಕ್ಕಾಲು ಪಾಲು ಪಾಸ್. ಈಗ ಆ ರಿಪೋರ್ಟನ್ನು ಯಾರೂ ತೆರೆದೂ ನೋಡುವುದಿಲ್ಲ. ಇನ್ನೂ ಒಳ್ಳೇ ಪಿಸಿ ಕೇಳಲಾ?
(ಓದುಗರು, ಮೈಸೂರು)

ಉತ್ತರ: ಪಿಸಿ ಆಮೇಲೆ ಕೇಳಿ. ನಿಮ್ಮ ಪತ್ರದಲ್ಲಿ ನನಗೆ ಸಂಕಟ ಆಗಿದ್ದು ಆ 10-15 ಫೇಲ್ ನೋಡಿ ಅಲ್ಲ, 'ಯಾರೂ ತೆರೆದೂ ನೋಡುವುದಿಲ್ಲ' ಅನ್ನುವ ಸಾಲು ಓದಿ. ಟೆಸ್ಟ್ ಕೆಂಪಾದರೆ (ಫೇಲ್ ಆದರೆ ಕೆಂಪು, ಪಾಸ್ ಆದರೆ ಹಸಿರು) ಎದ್ದು ನೋಡುವವರು ಇರಬೇಕು, ಇಲ್ಲದಿದ್ದರೆ ನೀವು ತಿಂಗಳುಗಟ್ಟಲೆ ಕೂತು ಬರೆದ 340 ಟೆಸ್ಟ್ ಇದ್ದೂ ಇಲ್ಲದ ಹಾಗೆ. ತೋಳ ಬಂತು ತೋಳ ಅಂತ ದಿನಾ ಕೂಗಿದರೆ ಊರವರು ಎಷ್ಟು ದಿನ ದೊಣ್ಣೆ ಹಿಡಿದು ಓಡಿ ಬರುತ್ತಾರೆ?

ಮೊದಲು ಒಂದು ಲೆಕ್ಕ. ನಿಮ್ಮ ಒಂದೊಂದು ಟೆಸ್ಟೂ ನೂರಕ್ಕೆ 99 ಸಲ ಸರಿಯಾಗಿ ಓಡುತ್ತದೆ ಅಂದುಕೊಳ್ಳಿ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ 340ಕ್ಕೆ 340ಊ ಒಂದೇ ರಾತ್ರಿ ಹಸಿರಾಗುವುದು ನೂರು ರಾತ್ರಿಯಲ್ಲಿ ಬರೀ 3 ರಾತ್ರಿ. ಸಾವಿರಕ್ಕೆ 999 ಸಲ ಸರಿ ಓಡುವ ಹಾಗೆ ಮಾಡಿದರೆ 71 ರಾತ್ರಿ ಪೂರ್ತಿ ಹಸಿರು ಸಿಗುತ್ತದೆ. ಹಾಗಾಗಿ 'ಅಪರೂಪಕ್ಕೊಮ್ಮೆ ಫೇಲ್ ಆಗುತ್ತೆ, ಪರವಾಗಿಲ್ಲ' ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಟೆಸ್ಟ್ ಜಾಸ್ತಿ ಆದಷ್ಟೂ ಒಂದೊಂದರ ಮೇಲೂ ಬಿಗಿ ಜಾಸ್ತಿ ಬೇಕು.

ಈಗ ನಿಮ್ಮ ರಾತ್ರಿ 2 ಗಂಟೆಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಸರ್ವರ್ ಕ್ಲೌಡ್‌ನಲ್ಲಿ ಇರಬೇಕು. ಅಲ್ಲಿಯ ಗಡಿಯಾರ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಸಾಮಾನ್ಯವಾದ ಸಮಯದಲ್ಲಿ, ಇರುವುದೇ ಹೆಚ್ಚು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆಫೀಸಿನ ಪಿಸಿಯಲ್ಲಿ 15ನೇ ತಾರೀಕು ಬೆಳಗಿನ ಜಾವ 2 ಗಂಟೆ ಆದಾಗ ಸರ್ವರ್‌ನಲ್ಲಿ ಇನ್ನೂ 14ನೇ ತಾರೀಕು ರಾತ್ರಿ ಎಂಟೂವರೆ. ನಿಮ್ಮಲ್ಲಿ 'ಇವತ್ತಿನ ದಿನಕ್ಕೆ ಮಂಟಪ ಬುಕ್ ಮಾಡಲು ಬಿಡಬಾರದು' ಅನ್ನುವಂಥ ಒಂದು ಟೆಸ್ಟ್ ಇದ್ದೇ ಇರುತ್ತದೆ. ಟೆಸ್ಟ್ 15 ಅಂತ ಹಾಕುತ್ತದೆ, ಸರ್ವರ್ 'ಅದು ನಾಳೆ ತಾನೇ, ಆಗಲಿ' ಅಂತ ಬುಕ್ ಮಾಡಿಬಿಡುತ್ತದೆ, ಟೆಸ್ಟ್ ಕೆಂಪು. ಬೆಳಿಗ್ಗೆ ಐದೂವರೆ ದಾಟಿತು ಅಂದರೆ ಎರಡೂ ಕಡೆ 15. ನೀವು ಹತ್ತಕ್ಕೆ ಬಂದು ಓಡಿಸಿದಾಗ ಹಸಿರು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಇದೇ ಥರದ ಫೇಲನ್ನು ಎರಡು ವಾರ ಹುಡುಕಿದ್ದೆವು. ನೆಟ್‌ವರ್ಕ್ ನಿಧಾನ ಅಂತ ಒಬ್ಬರು, ಪಿಸಿ ಹಳೆಯದು ಅಂತ ಇನ್ನೊಬ್ಬರು. ಕೊನೆಗೆ ಒಂದು ದಿನ ಫೇಲ್ ಆದ ಟೆಸ್ಟ್‌ಗಳ ಪಕ್ಕ ಅವು ಓಡಿದ ಹೊತ್ತನ್ನು ಬರೆದು ನೋಡಿದಾಗ ಎಲ್ಲವೂ ಐದೂವರೆಯ ಒಳಗೇ ಇದ್ದವು.

ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಇದು ಟೆಸ್ಟಿನ ತಪ್ಪಲ್ಲ. ನಿಮ್ಮ ಸಾಫ್ಟ್‌ವೇರ್‌ನ ತಪ್ಪು. ಮಗಳ ಮದುವೆಗೆ ಮಂಟಪ ಹುಡುಕುತ್ತಾ ಯಾರೋ ಒಬ್ಬ ತಂದೆ ರಾತ್ರಿ ಒಂದು ಗಂಟೆಗೆ ಮೊಬೈಲ್ ಹಿಡಿದು ಕೂತರೆ ಅವರಿಗೂ ಇದೇ ತಪ್ಪು ತಾರೀಕು ಕಾಣುತ್ತದೆ. ಡೇಟಾಬೇಸ್‌ನಲ್ಲಿ ಸಮಯವನ್ನು ಯುಟಿಸಿಯಲ್ಲೇ ಇಡಿ, ಆದರೆ 'ಇವತ್ತು ಯಾವ ತಾರೀಕು' ಅನ್ನುವುದನ್ನು ಸರ್ವರ್ ಭಾರತದ ಸಮಯದಲ್ಲೇ ತೀರ್ಮಾನ ಮಾಡಲಿ. ಟೆಸ್ಟ್ ಓಡುವಾಗ ಮಾತ್ರ ಸಾಫ್ಟ್‌ವೇರ್ ನಿಜವಾದ ಗಡಿಯಾರ ನೋಡದೆ, ನೀವು ಕೊಟ್ಟ ಸಮಯವನ್ನೇ 'ಈಗ' ಅಂದುಕೊಳ್ಳುವ ಹಾಗೆ ಕೋಡ್ ಬರೆಯಲು ಡೆವಲಪರ್‌ಗಳನ್ನು ಕೇಳಿ. ಆಗ ರಾತ್ರಿ 11.59, ಫೆಬ್ರವರಿ 29, ವರ್ಷದ ಕೊನೇ ದಿನ ಎಲ್ಲವನ್ನೂ ಹಗಲು ಹೊತ್ತಲ್ಲೇ ಪರೀಕ್ಷೆ ಮಾಡಬಹುದು.

ಎರಡನೆಯದು, ನಾಲ್ಕು ಬ್ರೌಸರ್ ಒಟ್ಟಿಗೆ ಓಡುವುದು. ಲ್ಯಾಪ್‌ಟಾಪ್‌ನಲ್ಲಿ ನೀವು ಬಹುಶಃ ಒಂದಾದ ಮೇಲೆ ಒಂದು ಓಡಿಸುತ್ತೀರಿ, ಅಲ್ಲಿ ಜಗಳ ಇಲ್ಲ. ಆಫೀಸಿನಲ್ಲಿ ಎರಡು ಟೆಸ್ಟ್ ಒಂದೇ ಕ್ಷಣದಲ್ಲಿ ಒಂದೇ ಮಂಟಪವನ್ನು ಒಂದೇ ತಾರೀಕಿಗೆ ಬುಕ್ ಮಾಡಲು ಹೋದರೆ ಒಂದು ಸೋಲಲೇಬೇಕು. ಯಾವುದು ಮೊದಲು ಮುಟ್ಟುತ್ತದೋ ಅದು ಗೆಲ್ಲುತ್ತದೆ, ಅದಕ್ಕೇ ನಿಮಗೆ ದಿನಾ ಬೇರೆ ಬೇರೆ ಹೆಸರು ಕಾಣುತ್ತಿರುವುದು. ಪ್ರತಿ ಟೆಸ್ಟ್ ತನ್ನದೇ ಮಂಟಪ, ತನ್ನದೇ ಗ್ರಾಹಕರನ್ನು ಹೊಸದಾಗಿ ಹುಟ್ಟಿಸಿಕೊಂಡು ಕೆಲಸ ಶುರು ಮಾಡಲಿ. ಹೆಸರಿನ ಕೊನೆಗೆ ಒಂದು ಯಾದೃಚ್ಛಿಕ ಸಂಖ್ಯೆ ಅಂಟಿಸಿದರೆ ಸಾಕು. ಮಂಟಪ ಸೃಷ್ಟಿಸಲು ಬ್ರೌಸರ್‌ನಲ್ಲಿ ಫಾರಂ ತುಂಬಿಸುತ್ತಾ ಕೂರಬೇಡಿ, ಪ್ರೋಗ್ರಾಂಗಳು ಸರ್ವರ್ ಜೊತೆ ನೇರವಾಗಿ ಮಾತಾಡುವ ದಾರಿಯಾದ ಎಪಿಐ ಮೂಲಕ ಹಾಕಿ, ಹೊತ್ತೂ ಉಳಿಯುತ್ತದೆ.

ಸ್ವಚ್ಛ ಮಾಡುವುದರ ಬಗ್ಗೆ: ಎಲ್ಲರೂ ಟೆಸ್ಟಿನ ಕೊನೆಯಲ್ಲಿ ಡೇಟಾ ಅಳಿಸುತ್ತಾರೆ. ಟೆಸ್ಟ್ ನಡುವೆ ಸತ್ತರೆ ಆ ಕೊನೆಯ ಸಾಲು ಓಡದೇ ಹೋಗಬಹುದು, ಕಸ ಹಾಗೇ ಉಳಿಯುತ್ತದೆ, ಮುಂದಿನದು ಅದರ ಮೇಲೆ ಎಡವುತ್ತದೆ. ಮಂಟಪದ ಕೆಲಸ ನಿಮಗೆ ಗೊತ್ತಲ್ಲ. ಹಿಂದಿನ ಮದುವೆಯವರು ಎಲೆ ಎತ್ತಿ ನೆಲ ತೊಳೆದು ಹೋಗುತ್ತಾರೆ ಅಂತ ಯಾರೂ ನೆಚ್ಚಿಕೊಳ್ಳುವುದಿಲ್ಲ, ಮುಂದಿನ ಮದುವೆಯವರು ಬರುವ ಮೊದಲು ಮಂಟಪದವರೇ ತೊಳೆಸುತ್ತಾರೆ. ಹಾಗೇ ಪ್ರತಿ ರಾತ್ರಿ ಶುರುವಿನಲ್ಲೇ ಡೇಟಾಬೇಸನ್ನು ಪೂರ್ತಿ ಕೆಡವಿ, ಖಾಲಿಯಿಂದ ಕಟ್ಟಿ, ಆಮೇಲೆ ಮೊದಲ ಟೆಸ್ಟ್ ಓಡಿಸಿ. ಟೆಸ್ಟ್‌ಗಳ ಸರದಿಯನ್ನೂ ದಿನಾ ಕಲಸಿ. ಒಂದರ ಬಾಲ ಹಿಡಿದು ಇನ್ನೊಂದು ಪಾಸ್ ಆಗುತ್ತಿದ್ದರೆ ಆಗ ಗೊತ್ತಾಗುತ್ತದೆ.

ಮೂರನೆಯದು ಕಾಯುವುದು. ನಿಮ್ಮ ಕೋಡ್‌ನಲ್ಲಿ 'ಸ್ಲೀಪ್' ಅಂತ ಹುಡುಕಿ ನೋಡಿ. ಐದು ಸೆಕೆಂಡ್ ಸುಮ್ನೆ ಕಾಯುವುದು ನಿಮ್ಮ ಲ್ಯಾಪ್‌ಟಾಪ್‌ಗೆ ಸಾಕು, ನಾಲ್ಕು ಬ್ರೌಸರ್ ಹೊತ್ತ ಹಳೇ ಪಿಸಿಗೆ ಸಾಲದು. ಅದನ್ನು ಹತ್ತು ಮಾಡಿದರೆ ಎಲ್ಲ ದಿನವೂ ಹತ್ತು ಸೆಕೆಂಡ್ ದಂಡ. 'ಬುಕಿಂಗ್ ಖಚಿತವಾಗಿದೆ' ಅನ್ನುವ ಸಾಲು ಪರದೆ ಮೇಲೆ ಬರುವ ತನಕ ಕಾಯಿ, ಗರಿಷ್ಠ 30 ಸೆಕೆಂಡ್, ಅಂತ ಬರೆಯಿರಿ. ಬಂದ ಕೂಡಲೇ ಮುಂದೆ ಹೋಗುತ್ತದೆ. ಸೆಲೆನಿಯಂನಲ್ಲಿ ಇಂಪ್ಲಿಸಿಟ್ ವೇಟ್ (ಎಲ್ಲ ಹುಡುಕಾಟಕ್ಕೂ ಒಮ್ಮೆಲೇ ಇಡುವ ಕಾಯುವಿಕೆ) ಮತ್ತು ಎಕ್ಸ್‌ಪ್ಲಿಸಿಟ್ ವೇಟ್ (ಮೇಲೆ ಹೇಳಿದ ಹಾಗೆ ಒಂದು ಸಂಗತಿ ಆಗುವ ತನಕ ಕಾಯುವುದು) ಎರಡನ್ನೂ ಬೆರೆಸಬೇಡಿ ಅಂತ ಅದರ ಕೈಪಿಡಿಯೇ ಹೇಳುತ್ತದೆ, ಎಷ್ಟು ಹೊತ್ತು ಕಾಯುತ್ತದೆ ಅನ್ನುವುದೇ ಆಗ ಹಿಡಿತಕ್ಕೆ ಸಿಗುವುದಿಲ್ಲ. 2014ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಅಪಾಚೆ ಸಂಸ್ಥೆಯ 51 ಮುಕ್ತ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗಳಲ್ಲಿ ಇಂಥ ಚಂಚಲ (ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ) ಟೆಸ್ಟ್‌ಗಳನ್ನು ಸರಿಪಡಿಸಿದ ಕೋಡ್ ಬದಲಾವಣೆಗಳನ್ನು ಕೂತು ಓದಿದರು. ಸರಿಯಾಗಿ ಕಾಯದೇ ಇದ್ದಿದ್ದೇ ಮೊದಲ ಕಾರಣ, ಸುಮಾರು 45%. ಅದಾದ ಮೇಲೆ ಒಟ್ಟಿಗೆ ಓಡುವುದರ ಗೊಂದಲ, ಆಮೇಲೆ ಸರದಿಯ ಮೇಲಿನ ಅವಲಂಬನೆ. ನಿಮ್ಮ ಮೈಸೂರಿನ ಪಿಸಿಯಲ್ಲಿ ಇರುವುದೂ ಇವೇ.

ಇನ್ನು ಬ್ರೌಸರ್. ಕ್ರೋಮ್ ನಿಮ್ಮನ್ನು ಕೇಳದೆ ತಾನೇ ಅಪ್‌ಡೇಟ್ ಆಗುತ್ತದೆ. ಸೆಲೆನಿಯಂಗೂ ಕ್ರೋಮ್‌ಗೂ ನಡುವಿನ ಕೊಂಡಿಯಾದ ಕ್ರೋಮ್‌ಡ್ರೈವರ್ ಹಳೆಯದೇ ಉಳಿದರೆ ಒಂದು ಬೆಳಿಗ್ಗೆ 340ಕ್ಕೆ 340 ಫೇಲ್. 2022ರ ಕೊನೆಗೆ ಬಂದ ಸೆಲೆನಿಯಂ 4.6ರಿಂದ ಸರಿಹೊಂದುವ ಡ್ರೈವರನ್ನು ಅದೇ ಹುಡುಕಿ ತರುತ್ತದೆ, ಆ ಕಾಟ ಕಡಿಮೆ ಆಗಿದೆ. ಆದರೂ ನಿನ್ನೆ ಒಂದು ಬ್ರೌಸರ್, ಇವತ್ತು ಇನ್ನೊಂದು ಆದರೆ ಬದಲಾಗಿದ್ದು ನಿಮ್ಮ ಕೋಡೋ ಬ್ರೌಸರೋ ಹೇಗೆ ಹೇಳುತ್ತೀರಿ? 2023ರಲ್ಲಿ ಗೂಗಲ್ 'ಕ್ರೋಮ್ ಫಾರ್ ಟೆಸ್ಟಿಂಗ್' ಅಂತ ಬೇರೆಯದೇ ಕೊಟ್ಟಿದೆ, ಅದು ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ಅದರ ಒಂದು ಆವೃತ್ತಿ ಹಿಡಿದುಕೊಳ್ಳಿ, ತಿಂಗಳಿಗೊಮ್ಮೆ ನೀವೇ ದಿನ ನೋಡಿ ಬದಲಿಸಿ. ಅವತ್ತು ಬೇರೆ ಏನನ್ನೂ ಬದಲಿಸಬೇಡಿ.

ಎಲ್ಲಿಂದ ಶುರು ಮಾಡಬೇಕು ಅಂದರೆ, ಮೊದಲ ವಾರ ಏನನ್ನೂ ರಿಪೇರಿ ಮಾಡಬೇಡಿ. ಫೇಲ್ ಆದ ಕ್ಷಣದ ಸ್ಕ್ರೀನ್‌ಶಾಟ್, ಬ್ರೌಸರ್‌ನ ಕನ್ಸೋಲ್ ಸಂದೇಶ, ಸರ್ವರ್ ಲಾಗ್, ಗಡಿಯಾರದ ಹೊತ್ತು, ಈ ನಾಲ್ಕೂ ಒಂದೇ ಫೋಲ್ಡರ್‌ಗೆ ಬೀಳುವ ಹಾಗೆ ಮಾಡಿ. ದಿನಾ ಬೆಳಿಗ್ಗೆ ಒಂದೊಂದು ಫೇಲ್‌ಗೂ ಪಕ್ಕದಲ್ಲಿ ಕಾರಣ ಬರೆಯಿರಿ: ಸಮಯ, ಡೇಟಾ, ಕಾಯುವಿಕೆ, ಬ್ರೌಸರ್, ಅಥವಾ ನಿಜವಾದ ಬಗ್. ಐದು ದಿನಕ್ಕೆ ಚಿತ್ರ ಕಣ್ಣೆದುರಿಗೆ ಬರುತ್ತದೆ. ಜಾಸ್ತಿ ಇರುವುದನ್ನು ಮೊದಲು ಹಿಡಿಯಿರಿ. ಇಷ್ಟೆಲ್ಲ ಮಾಡಿದ ಮೇಲೂ ಪಿಸಿಯ ಸಿಪಿಯು ನೂರಕ್ಕೆ ನೂರು ಬಳಕೆಯಲ್ಲೇ ನಿಂತಿದ್ದರೆ ಆಗ ಹೊಸದು ಕೇಳಿ, ಧೈರ್ಯವಾಗಿ ಕೇಳಿ, ಕೈಯಲ್ಲಿ ಲೆಕ್ಕ ಇರುತ್ತದೆ.

ಪ್ರಶ್ನೆ: ಎಲ್ಲರೂ ಡಾಕರ್ ಡಾಕರ್ ಅನ್ನುತ್ತಾರೆ. ನಮ್ಮಲ್ಲಿರುವುದು 8 ಜಿಬಿ ಮೆಮೊರಿಯ ಎರಡು ಪಿಸಿ. ಡಾಕರ್ ಇಲ್ಲದೆ ಆಗುವುದೇ ಇಲ್ಲವಾ? ಒಮ್ಮೆ ಹಾಕಿ ನೋಡಿದೆವು, ಕ್ರೋಮ್ ನಡುನಡುವೆ ಕ್ರ್ಯಾಶ್ ಆಗುತ್ತಿತ್ತು.
(ಓದುಗರು, ಹುಬ್ಬಳ್ಳಿ)

ಉತ್ತರ: ಡಾಕರ್ ಅಂದರೆ ಒಂದು ಸಾಫ್ಟ್‌ವೇರನ್ನು ಅದಕ್ಕೆ ಬೇಕಾದ ಎಲ್ಲದರ ಜೊತೆ ಒಂದು ಪೆಟ್ಟಿಗೆಯಲ್ಲಿ (ಕಂಟೇನರ್) ಇಟ್ಟು ಓಡಿಸುವ ಸಾಧನ. ಅದಿಲ್ಲದೆಯೂ ಆಗುತ್ತದೆ. ನಿಮಗೆ ಬೇಕಾದದ್ದು ಡಾಕರ್ ಅಲ್ಲ, ಈ ಪರಿಸರ ಹೇಗೆ ಕಟ್ಟಿದ್ದು ಅನ್ನುವುದರ ಲಿಖಿತ ವಿಧಾನ. ನನ್ನ ಅಳತೆ ಇದು: ಆ ಪಿಸಿ ಇವತ್ತು ಸುಟ್ಟುಹೋಯಿತು ಅಂದುಕೊಳ್ಳಿ. ನಿಮ್ಮ ಟೀಮಿಗೆ ನಿನ್ನೆ ಸೇರಿದ ಹುಡುಗ ಯಾರನ್ನೂ ಕೇಳದೆ, ಬರೆದಿಟ್ಟಿದ್ದನ್ನು ಮಾತ್ರ ನೋಡಿ, ಮಧ್ಯಾಹ್ನದ ಊಟದೊಳಗೆ ಇನ್ನೊಂದನ್ನು ಎಬ್ಬಿಸಿ ಟೆಸ್ಟ್ ಓಡಿಸಬಲ್ಲನಾ? ಹೌದು ಅಂದರೆ ನಿಮ್ಮದು ಗಟ್ಟಿ ಪರಿಸರ. ಒಬ್ಬರ ತಲೆಯಲ್ಲಿ ಮಾತ್ರ ಇದ್ದರೆ ಅಲ್ಲ. ತಿಂಗಳಿಗೊಮ್ಮೆ ಬೇಕೆಂದೇ ಅಳಿಸಿ ಹೊಸದಾಗಿ ಕಟ್ಟಿ ನೋಡಿ. ಮೊದಲ ಸಲ ಎರಡು ದಿನ ಹಿಡಿಯಬಹುದು, ಯಾವಾಗಲೋ ಯಾರೋ ಕೈಯಲ್ಲಿ ಹಾಕಿ ಮರೆತ ಸೆಟ್ಟಿಂಗ್‌ಗಳೆಲ್ಲ ಆಚೆ ಬರುತ್ತವೆ.

ಡಾಕರ್‌ನ ಒಳ್ಳೇದು ಏನೆಂದರೆ ಆ ವಿಧಾನವೇ ಒಂದು ಫೈಲ್ ಆಗುತ್ತದೆ, ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನಲ್ಲಿ ಕೋಡ್ ಜೊತೆಗೇ ಇರುತ್ತದೆ. ನಿಮ್ಮ ಕ್ರೋಮ್ ಕ್ರ್ಯಾಶ್‌ಗೆ ಕಾರಣ ಬಹುತೇಕ ಶೇರ್ಡ್ ಮೆಮೊರಿ, ಅಂದರೆ ಕ್ರೋಮ್‌ನ ಭಾಗಗಳು ಹಂಚಿಕೊಂಡು ಬಳಸುವ ಮೆಮೊರಿ. ಡಾಕರ್ ತಾನಾಗಿ ಕೊಡುವುದು 64 ಎಂಬಿ, ಕ್ರೋಮ್‌ಗೆ ಅದು ಎಲ್ಲಿಗೂ ಸಾಲದು. ಕಂಟೇನರ್ ಶುರು ಮಾಡುವಾಗ ಅದನ್ನು 1 ಅಥವಾ 2 ಜಿಬಿಗೆ ಏರಿಸಿ. 8 ಜಿಬಿ ಪಿಸಿಯಲ್ಲಿ ಎರಡು ಬ್ರೌಸರ್‌ಗಿಂತ ಜಾಸ್ತಿ ಒಟ್ಟಿಗೆ ಬೇಡ.

ಇನ್ನೊಂದು, ಇಮೇಜ್ (ಕಂಟೇನರ್ ಹುಟ್ಟುವ ಅಚ್ಚು) ಹೆಸರಿನ ಮುಂದೆ 'ಲೇಟೆಸ್ಟ್' ಅಂತ ಬರೆಯಬೇಡಿ. ಇವತ್ತಿನ ಲೇಟೆಸ್ಟ್ ನಾಳೆಯದ್ದಲ್ಲ. ಟೆಸ್ಟ್‌ಗಳನ್ನು ತಾನಾಗಿ ಓಡಿಸಿಕೊಡುವ ಸೇವೆಯಾದ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ 'ಉಬುಂಟು ಲೇಟೆಸ್ಟ್' ಅಂತ ಬರೆದಿದ್ದವರ ಕೆಳಗಿನ ನೆಲ 2024ರ ಕೊನೆ, 2025ರ ಶುರುವಿನಲ್ಲಿ ಉಬುಂಟು ಲಿನಕ್ಸ್‌ನ 22.04 ಆವೃತ್ತಿಯಿಂದ 24.04ಕ್ಕೆ ಸರಿಯಿತು. ಮೊದಲೇ ಸಿಗುತ್ತಿದ್ದ ಕೆಲವು ಪ್ಯಾಕೇಜ್‌ಗಳು ಹೊಸದರಲ್ಲಿ ಇರಲಿಲ್ಲ. ಸಂಖ್ಯೆ ಬರೆದಿದ್ದವರಿಗೆ ಏನೂ ಆಗಲಿಲ್ಲ. ಲೈಬ್ರರಿಗಳಿಗೂ ಇದೇ ಮಾತು. ಯಾವ ಲೈಬ್ರರಿಯ ಯಾವ ಆವೃತ್ತಿ ಅಂತ ಬರೆದಿರುವ ಲಾಕ್ ಫೈಲನ್ನು ಗಿಟ್‌ಗೆ ಹಾಕಿ, ಟೆಸ್ಟ್ ಮೆಷಿನ್‌ನಲ್ಲಿ ಅದರಲ್ಲಿ ಇದ್ದದ್ದನ್ನೇ ಇನ್‌ಸ್ಟಾಲ್ ಮಾಡಿ. ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ) ಬಳಸುವವರು 'ಎನ್‌ಪಿಎಂ ಇನ್‌ಸ್ಟಾಲ್' ಬದಲು 'ಎನ್‌ಪಿಎಂ ಸಿಐ' ಓಡಿಸಿ. ಹಳೇ ಇಮೇಜ್, ಸ್ಕ್ರೀನ್‌ಶಾಟ್, ವಿಡಿಯೋ ವಾರಕ್ಕೊಮ್ಮೆ ತಾನಾಗಿ ಅಳಿಯುವ ಹಾಗೂ ಮಾಡಿಡಿ. ಡಿಸ್ಕ್ ತುಂಬಿ ಟೆಸ್ಟ್ ಸಾಯುವುದು ಬಹಳ ಸಾಮಾನ್ಯ, ಆದರೆ ಬರುವ ಎರರ್ ಸಂದೇಶ ನೋಡಿದರೆ ಡಿಸ್ಕ್ ಅಂತ ಅನುಮಾನವೇ ಬರುವುದಿಲ್ಲ.

ಪ್ರಶ್ನೆ: ಫೇಲ್ ಆದರೆ ಮೂರು ಸಲ ತಾನಾಗಿ ಮತ್ತೆ ಓಡುವ ಹಾಗೆ ರೀಟ್ರೈ ಹಾಕಿದ್ದೇವೆ. ರಿಪೋರ್ಟ್ ಈಗ ಯಾವಾಗಲೂ ಹಸಿರು. ಇದು ತಪ್ಪಾ?
(ಓದುಗರು, ಮಂಗಳೂರು)

ಉತ್ತರ: ಹೌದು, ನೀವು ಮಾಡುತ್ತಿರುವ ರೀತಿಯಲ್ಲಿ ತಪ್ಪು. ಜ್ವರ ಇದೆ ಅಂತ ಗೊತ್ತಿದ್ದೂ ಥರ್ಮಾಮೀಟರ್ ತಣ್ಣಗಾಗುವ ತನಕ ಅಲ್ಲಾಡಿಸಿದ ಹಾಗೆ ಇದು. ಮೂರರಲ್ಲಿ ಒಮ್ಮೆ ಎರಡು ಸಲ ಹಣ ಕಡಿತ ಆಗುವ ಬಗ್ ನಿಮ್ಮಲ್ಲಿದ್ದರೆ, ಈ ರೀಟ್ರೈ ಅದನ್ನು ಹೆಚ್ಚುಕಡಿಮೆ ಎಲ್ಲ ರಾತ್ರಿಯೂ ಮುಚ್ಚಿಹಾಕುತ್ತದೆ. ಗ್ರಾಹಕರ ಬ್ಯಾಂಕ್ ಖಾತೆಗೆ ರೀಟ್ರೈ ಇಲ್ಲವಲ್ಲ.

ಇದು ಸಣ್ಣ ಕಂಪನಿಗಳ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ಗೂಗಲ್‌ನವರೇ 2016ರಲ್ಲಿ ಬರೆದುಕೊಂಡ ಪ್ರಕಾರ ಅವರ ಟೆಸ್ಟ್‌ಗಳಲ್ಲಿ ಸುಮಾರು 16% ಒಂದಲ್ಲ ಒಂದು ಮಟ್ಟಿಗೆ ಹೀಗೆ ಹೊಯ್ದಾಡುತ್ತಿದ್ದವು. ಅಂಥ ಕಡೆ ರೀಟ್ರೈ ಇರುತ್ತದೆ, ಆದರೆ ಎಷ್ಟನೇ ಸಲಕ್ಕೆ ಪಾಸ್ ಆಯಿತು ಅನ್ನುವುದನ್ನು ಬರೆದಿಡುತ್ತಾರೆ. ನೀವೂ ಹಾಗೇ ಮಾಡಿ. ರೀಟ್ರೈ ಒಂದೇ ಸಲ ಇರಲಿ, ಎರಡನೇ ಸಲಕ್ಕೆ ಪಾಸ್ ಆದದ್ದನ್ನು ಹಸಿರು ಅನ್ನದೆ ಹಳದಿ ಬಣ್ಣದಲ್ಲಿ ತೋರಿಸಿ. ಒಂದೇ ವಾರದಲ್ಲಿ ಎರಡು ಸಲ ಹಳದಿ ಆದ ಟೆಸ್ಟನ್ನು ಮುಖ್ಯ ಸಾಲಿನಿಂದ ಬೇರೆ ತೆಗೆದು, ಅದಕ್ಕೆ ಒಬ್ಬರ ಹೆಸರು ಮತ್ತು ಒಂದು ತಾರೀಕು ಹಾಕಿ. ಆ ತಾರೀಕಿನೊಳಗೆ ಸರಿಹೋಗದಿದ್ದರೆ ಅಳಿಸಿಬಿಡಿ. ಯಾರೂ ನಂಬದ ಟೆಸ್ಟ್ ಇಟ್ಟುಕೊಂಡು ಏನು ಮಾಡುತ್ತೀರಿ?

ಪ್ರಶ್ನೆ: ಲೈವ್ ಡೇಟಾಬೇಸಿನ ಕಾಪಿಯನ್ನೇ ಟೆಸ್ಟಿಂಗ್‌ಗೆ ಬಳಸುತ್ತೇವೆ, ಡೇಟಾ ನಿಜವಾಗಿರುತ್ತದೆ ಅಂತ. ಸರಿ ತಾನೇ?
(ಓದುಗರು, ಬೆಂಗಳೂರು)

ಉತ್ತರ: ಸರಿಯಲ್ಲ, ಇವತ್ತೇ ನಿಲ್ಲಿಸಿ. ಅದರಲ್ಲಿ ನಿಜವಾದ ಜನರ ಫೋನ್ ನಂಬರ್ ಇದೆ, ವಿಳಾಸ ಇದೆ. ಅವರು ಅದನ್ನು ಕೊಟ್ಟಿದ್ದು ಸೇವೆ ಪಡೆಯಲು, ನಿಮ್ಮ ಟೆಸ್ಟ್ ಮೆಷಿನ್‌ನಲ್ಲಿ ಬಿದ್ದಿರಲು ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯನ್ನು ನಿಮ್ಮ ಕಂಪನಿಯವರು ಒಮ್ಮೆ ಕೂತು ಓದಲಿ. ನಾನು ನೋಡಿದ ಒಂದು ಕಡೆ ರಾತ್ರಿ ಟೆಸ್ಟ್ ಓಡಿ 'ನಿಮ್ಮ ಆರ್ಡರ್ ರದ್ದಾಗಿದೆ' ಅನ್ನುವ ಎಸ್ಎಂಎಸ್ ನಿಜವಾದ ಗ್ರಾಹಕರಿಗೇ ಹೋಗಿತ್ತು. ಮಾರನೇ ದಿನ ಗ್ರಾಹಕರ ಕರೆಗಳಿಗೆ ಫೋನ್ ಎತ್ತಿದ ಹುಡುಗಿಯರ ಮುಖ ನನಗೆ ಇನ್ನೂ ನೆನಪಿದೆ. ಡೇಟಾವನ್ನು ನೀವೇ ಹುಟ್ಟಿಸಿ, ಎಸ್ಎಂಎಸ್, ಪೇಮೆಂಟ್, ಇಮೇಲ್ ಮೂರಕ್ಕೂ ನಕಲಿ ಸರ್ವರ್ ಇಡಿ. ವೈರ್‌ಮಾಕ್ ಥರದ ಉಚಿತ ಸಾಧನಗಳು ಇದಕ್ಕೇ ಇವೆ. ಎಸ್ಎಂಎಸ್, ಪೇಮೆಂಟ್ ಸಾಗಿಸುವ ನಿಜವಾದ ಗೇಟ್‌ವೇಗೆ ಹೋಗುವ ದಾರಿಯನ್ನು ಟೆಸ್ಟ್ ಮೆಷಿನ್‌ನ ಫೈರ್‌ವಾಲ್‌ನಲ್ಲೇ ಮುಚ್ಚಿ. ಆಗ ಯಾರಾದರೂ ಮರೆತರೂ ಸಂದೇಶ ಹೊರಗೆ ಹೋಗುವುದಿಲ್ಲ. ಬೇರೆಯವರ ಗೇಟ್‌ವೇ ಕೆಟ್ಟು ನಿಮ್ಮ ಟೆಸ್ಟ್ ಕೆಂಪಾಗುವುದೂ ತಪ್ಪುತ್ತದೆ.

ಪ್ರಶ್ನೆ: ನಮ್ಮದು ವಿಂಡೋಸ್ ಡೆಸ್ಕ್‌ಟಾಪ್ ಸಾಫ್ಟ್‌ವೇರ್. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ (ಬೇರೆ ಪಿಸಿಯ ಪರದೆಯನ್ನು ನನ್ನ ಪಿಸಿಯಲ್ಲಿ) ನೋಡುತ್ತಾ ಇದ್ದರೆ ಟೆಸ್ಟ್ ಚೆನ್ನಾಗಿ ಓಡುತ್ತದೆ. ಆ ರಿಮೋಟ್ ಕಿಟಕಿ ಮುಚ್ಚಿ ಮನೆಗೆ ಹೋದರೆ ಎಲ್ಲ ಫೇಲ್!
(ಓದುಗರು, ಶಿವಮೊಗ್ಗ)

ಉತ್ತರ: ರಿಮೋಟ್ ಡೆಸ್ಕ್‌ಟಾಪ್ ಕಡಿದ ಕೂಡಲೇ ವಿಂಡೋಸ್ ಆ ಸೆಷನ್‌ಗೆ ಪರದೆ ಕೊಡುವುದನ್ನು ನಿಲ್ಲಿಸುತ್ತದೆ. ಪರದೆಯೇ ಇಲ್ಲದ ಮೇಲೆ ಮೌಸ್ ಕ್ಲಿಕ್ ಎಲ್ಲಿ ಬೀಳಬೇಕು? ಸುಮ್ನೆ ಕಿಟಕಿ ಮುಚ್ಚುವ ಬದಲು, ವಿಂಡೋಸ್‌ನಲ್ಲೇ ಇರುವ 'ಟಿಎಸ್‌ಕಾನ್' ಕಮಾಂಡ್ ಅಡ್ಮಿನ್ ಆಗಿ ಓಡಿಸಿ, ಆ ಸೆಷನನ್ನು ಮೆಷಿನ್‌ನ ಸ್ವಂತ ಕನ್ಸೋಲ್‌ಗೆ ಹಸ್ತಾಂತರ ಮಾಡಿ ಹೊರಬನ್ನಿ. ಆದರೆ ಆಗ ಆ ಪರದೆ ಲಾಕ್ ಆಗದೆ ತೆರೆದೇ ಇರುತ್ತದೆ, ಹಾಗಾಗಿ ಪಿಸಿ ಬೀಗ ಹಾಕಿದ ಕೋಣೆಯಲ್ಲಿರಲಿ. ಸ್ಕ್ರೀನ್ ಸೇವರ್, ಸ್ಲೀಪ್ ಎರಡನ್ನೂ ಆಫ್ ಮಾಡಿ. ವಿಂಡೋಸ್ ಅಪ್‌ಡೇಟ್ ರೀಸ್ಟಾರ್ಟನ್ನು ಟೆಸ್ಟ್ ಇಲ್ಲದ ಹೊತ್ತಿಗೆ ಇಡಿ. ಪರದೆಯ ರೆಸಲ್ಯೂಶನ್ ಮತ್ತು ಸ್ಕೇಲಿಂಗ್ ಎಲ್ಲ ಮೆಷಿನ್‌ನಲ್ಲೂ ಒಂದೇ ಇರಲಿ, 125% ಇದ್ದರೆ ಬಟನ್‌ಗಳ ಜಾಗವೇ ಬದಲಾಗುತ್ತದೆ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಹೋಗುವುದು ಹೊಸದಲ್ಲ, ಪಿಸಿಗೆ ಮಾತ್ರ ಅಲ್ಲ, ರೌಟರ್‌ಗೂ ಯುಪಿಎಸ್ ಕೊಡಿ.

ಪ್ರಶ್ನೆ: ಕನ್ನಡದಲ್ಲೇ ಇರುವ ಒಂದು ಆ್ಯಪ್‌ಗೆ ಟೆಸ್ಟ್ ಬರೆಯುತ್ತಿದ್ದೇನೆ. ಎರಡು ತೊಂದರೆ. ಸರ್ವರ್‌ನಲ್ಲಿ ತೆಗೆದ ಸ್ಕ್ರೀನ್‌ಶಾಟ್‌ನಲ್ಲಿ ಕನ್ನಡದ ಬದಲು ಬರೀ ಚೌಕ ಚೌಕ. ಇನ್ನೊಂದು, 'ಕೊಟ್ರೇಶ' ಅಂತ ಹುಡುಕುವ ಟೆಸ್ಟ್ ಒಮ್ಮೊಮ್ಮೆ ಫೇಲ್, ಎರಡೂ ಕಡೆ ಅದೇ ಹೆಸರು ಕಾಣುತ್ತದೆ.
(ಓದುಗರು, ಧಾರವಾಡ)

ಉತ್ತರ: ಕನ್ನಡದ ಆ್ಯಪ್‌ಗೆ ಇಷ್ಟು ನಿಗಾ ಕೊಟ್ಟು ಟೆಸ್ಟ್ ಬರೆಯುವವರು ಇದ್ದಾರಲ್ಲ ಅಂತ ತುಂಬಾ ಖುಷಿ ಆಯಿತು.

ಚೌಕದ್ದು ಸುಲಭ. ಸಣ್ಣ ಲಿನಕ್ಸ್ ಇಮೇಜ್‌ಗಳಲ್ಲಿ ಕನ್ನಡ ಫಾಂಟ್ ಇರುವುದಿಲ್ಲ. ಡೆಬಿಯನ್, ಉಬುಂಟುವಿನಲ್ಲಿ ಗುಬ್ಬಿ, ನವಿಲು ಅನ್ನುವ ಕನ್ನಡ ಫಾಂಟ್‌ಗಳ ಪ್ಯಾಕೇಜ್ ಇವೆ, ನೋಟೋ ಕನ್ನಡವೂ ಇದೆ. ನಿಮ್ಮ ಡಾಕರ್‌ಫೈಲ್‌ನಲ್ಲಿ ಒಂದು ಸಾಲು ಸೇರಿಸಿದರೆ ಮುಗಿಯಿತು. ಸ್ಕ್ರೀನ್‌ಶಾಟ್ ಹೋಲಿಸುವ ಟೆಸ್ಟ್ ಇದ್ದರೆ ಎಲ್ಲ ಮೆಷಿನ್‌ನಲ್ಲೂ ಒಂದೇ ಫಾಂಟ್ ಇರಲಿ, ಒತ್ತಕ್ಷರದ ಎತ್ತರ ಫಾಂಟಿನಿಂದ ಫಾಂಟಿಗೆ ಬದಲಾಗಿ ಸಾಲೇ ಕೆಳಗೆ ಜಾರುತ್ತದೆ.

ಎರಡನೆಯದು ಸೂಕ್ಷ್ಮ. 'ಕೊ' ಅಕ್ಷರವನ್ನು ಯೂನಿಕೋಡ್‌ನಲ್ಲಿ (ಅಕ್ಷರ, ಚಿಹ್ನೆಗಳಿಗೆ ಸಂಖ್ಯೆ ಕೊಡುವ ಪದ್ಧತಿ) ಎರಡು ಥರ ಬರೆಯಬಹುದು. ಕ ಆದ ಮೇಲೆ ಒತ್ವದ ಒಂದೇ ಚಿಹ್ನೆ ಇಡುವುದು ಒಂದು. ಕ ಆದ ಮೇಲೆ ಎತ್ವ, ಅದಾದ ಮೇಲೆ ಊತ್ವದ ಚಿಹ್ನೆ, ಹೀಗೆ ಎರಡಾಗಿ ಇಡುವುದು ಇನ್ನೊಂದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಯಾವ ಕೀಬೋರ್ಡ್‌ನಿಂದ, ಯಾವ ಹಳೇ ಫೈಲ್‌ನಿಂದ ಹೆಸರು ಬಂತು ಅನ್ನುವುದರ ಮೇಲೆ ನಿಂತಿದೆ. ಇದಕ್ಕೆ ಮದ್ದು ನಾರ್ಮಲೈಸೇಶನ್, ಅಂದರೆ ಎರಡು ಥರ ಬರೆದದ್ದನ್ನು ಎನ್ಎಫ್‌ಸಿ ಅನ್ನುವ ಒಂದೇ ರೂಪಕ್ಕೆ ತರುವುದು. ಹೆಸರು ಉಳಿಸುವಾಗಲೂ ಹುಡುಕುವಾಗಲೂ ಎರಡೂ ಕಡೆ ಮಾಡಬೇಕು, ಅದೂ ಆ್ಯಪ್‌ನಲ್ಲೇ. ಬರೀ ಟೆಸ್ಟ್‌ನಲ್ಲಿ ಮಾಡಿದರೆ ಟೆಸ್ಟ್ ಪಾಸ್ ಆಗುತ್ತದೆ, ಕೊಟ್ರೇಶನ ಹೆಸರು ಮಾತ್ರ ಬಳಸುವವರಿಗೆ ಸಿಗುವುದಿಲ್ಲ.

ಇದರ ಜೊತೆಗೆ 'ಸಾಫ್ಟ್‌ವೇರ್' ಥರದ ಪದಗಳ ನಡುವೆ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ನಾರ್ಮಲೈಸ್ ಮಾಡಿದರೂ ಅದು ಹೋಗುವುದಿಲ್ಲ. ಹುಡುಕುವಾಗ ಅದನ್ನು ಬಿಟ್ಟು ಹೋಲಿಸುವ ಹಾಗೆ ಡೆವಲಪರ್‌ಗೆ ಹೇಳಿ. ಆಮೇಲೆ ಮೂರು ಟೆಸ್ಟ್ ಬರೆಯಿರಿ: ಒಂದು ಚಿಹ್ನೆಯ 'ಕೊ', ಎರಡು ಚಿಹ್ನೆಯ 'ಕೊ', ಕಾಣದ ಗುರುತು ಇರುವ ಒಂದು ಪದ. ಆ ಅಕ್ಷರಗಳನ್ನು ಕೋಡ್‌ನಲ್ಲಿ ಟೈಪ್ ಮಾಡದೆ ಯೂನಿಕೋಡ್ ಸಂಖ್ಯೆಯಲ್ಲೇ ಬರೆಯಿರಿ. ಇಲ್ಲದಿದ್ದರೆ ನಿಮ್ಮ ಎಡಿಟರ್ರೋ, ಫೈಲ್ ತೆರೆದ ಇನ್ನೊಬ್ಬರ ಕೀಬೋರ್ಡೋ ಎರಡನ್ನೂ ಒಂದೇ ಮಾಡಿಬಿಡುತ್ತದೆ.